ಸೆಕೆಂಡಿಗೆ 24 ಚಿತ್ರ ಇರುವಾಗ ಸ್ಟಿಲ್ ಯಾಕೆ?

ಪ್ರಶ್ನೆ: ನನ್ನ ಮಗ ಮದುವೆ ಫೋಟೋ ತೆಗೆಯುತ್ತಾನೆ. ಈಗ ಸಿನಿಮಾದವರು ಸ್ಟಿಲ್ ಫೋಟೋಗ್ರಾಫರ್ ಆಗಿ ಬಾ ಅಂತಿದ್ದಾರೆ. ಸಿನಿಮಾ ಕ್ಯಾಮೆರಾದಲ್ಲೇ ಸೆಕೆಂಡಿಗೆ 24 ಚಿತ್ರ ಬೀಳುತ್ತಂತಲ್ಲ ಸರ್, ಅದರಲ್ಲೇ ಒಂದನ್ನು ಪೋಸ್ಟರಿಗೆ ಹಾಕಿಕೊಂಡರೆ ಆಗಲ್ವಾ? ಇವನಿಗೆ ಯಾಕೆ ದುಡ್ಡು ಕೊಡ್ತಾರೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಾಯಿ, ಇದೇ ಮಾತನ್ನು ಒಬ್ಬ ನಿರ್ಮಾಪಕರು ನನಗೂ ಕೇಳಿದ್ದರು, ಪೇಮೆಂಟ್ ಕೊಡಬೇಕಾದ ದಿನ.

ಆ 24ರಲ್ಲಿ ಒಂದೊಂದು ಚಿತ್ರಕ್ಕೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಪಾಲು ಹೊತ್ತು ಬೆಳಕು ಬೀಳುತ್ತದೆ. ಅಷ್ಟರಲ್ಲಿ ನಾಯಕಿ ತಿರುಗಿದಳೋ, ಮೂಗುತಿ ಚುಕ್ಕೆ ಹೋಗಿ ಗೆರೆ. ಪರದೆ ಮೇಲೆ ಚಲನೆ ನುಣುಪಾಗಿ ಕಾಣೋದೇ ಆ ಮಸುಕಿನಿಂದ. ಪೋಸ್ಟರಿಗೆ ದೊಡ್ಡದು ಮಾಡಿ ನೋಡಿ, ಮುಖ ಕಲಸಿಹೋಗಿರುತ್ತದೆ.

ಪೋಸ್ಟರ್ ಮಾತು ಬಿಡಿ. ಒಮ್ಮೆ ಬೇಸಿಗೆ ಕೊನೆಗೆ ಶೆಟ್ಟಿಹಳ್ಳಿಯ ಹಳೇ ಚರ್ಚಿನಲ್ಲಿ ಶೂಟಿಂಗ್. ಎರಡು ಶಾಟ್ ಬಾಕಿ ಇದ್ದಾಗ ನಾಯಕನ ಡೇಟ್ ಮುಗಿಯಿತು. ಮತ್ತೆ ಡೇಟ್ ಸಿಗುವಷ್ಟರಲ್ಲಿ ಹೇಮಾವತಿ ಹಿನ್ನೀರು ಏರಿ ಚರ್ಚು ಅರ್ಧ ಮುಳುಗಿತ್ತು. ಕಲಾ ನಿರ್ದೇಶಕರು ಬೆಂಗಳೂರಿನಲ್ಲಿ ಗೋಡೆ ಎಬ್ಬಿಸಿದರು, ನನ್ನ 11 ಸ್ಟಿಲ್ ಎದುರಿಗಿಟ್ಟುಕೊಂಡು. ಗಾರೆ ಎಲ್ಲಿ ಉದುರಿದೆ, ಯಾವ ಸಂದಿಯಲ್ಲಿ ಅರಳಿ ಸಸಿ ಎದ್ದಿದೆ, ಬಿಸಿಲು ಯಾವ ಕಡೆಯಿಂದ, ಎಲ್ಲ ಅದರಲ್ಲಿತ್ತು. ನಾಯಕನ ಅಂಗಿತೋಳು ಎಡಕ್ಕೆ ಮೂರು ಮಡಿಕೆ, ಬಲಕ್ಕೆ ಎರಡೇ. ಶಾಟಿಗೆ ಶಾಟ್ ಹೊಂದಲಿ ಅಂತ ಬರೆದಿಡುವ ಸಹಾಯಕ ನಿರ್ದೇಶಕನ ಪುಸ್ತಕದಲ್ಲಿ ‘ತೋಳು ಮಡಚಿದೆ’ ಅಂತಷ್ಟೇ ಇತ್ತು!

ಇನ್ನೊಂದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ಇವತ್ತು ಅದರ ಒಂದು ಪ್ರಿಂಟೂ ಸಿಕ್ಕಿಲ್ಲ. ನಾಯಕ ಸುಬ್ಬಯ್ಯ ನಾಯ್ಡು ಅದರಲ್ಲಿ ಹೇಗೆ ಕಾಣುತ್ತಿದ್ದರು ಅಂತ ನೋಡಬೇಕಾದರೆ ಸ್ಟಿಲ್ಲೇ ಗತಿ.

ಮಗನಿಗೆ ಹೇಳಿ: ಮದುವೆ ಮನೆಯ ಫ್ಲ್ಯಾಶ್ ಊರಲ್ಲೇ ಬಿಟ್ಟು ಹೋಗಲಿ. ಸತ್ಯಜಿತ್ ರಾಯ್ ಅವರ ಸೆಟ್‌ಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಫೋಟೋ ತೆಗೆದ ನಿಮಾಯ್ ಘೋಷ್ ಇದ್ದ ಬೆಳಕಿನಲ್ಲೇ ಕೆಲಸ ಮಾಡುತ್ತಿದ್ದವರು. ನಮ್ಮದು ಮಾತನ್ನು ಆಮೇಲೆ ಸೇರಿಸುವ ಡಬ್ಬಿಂಗ್ ಕಾಲ, ಕ್ಯಾಮೆರಾ ಟಪಕ್ ಅಂದರೂ ನಡೆಯುತ್ತಿತ್ತು. ಶೂಟಿಂಗ್ ಹೊತ್ತಿಗೇ ಮಾತು ರೆಕಾರ್ಡ್ ಮಾಡುವ ಸಿಂಕ್ ಸೌಂಡ್ ಸೆಟ್‌ನಲ್ಲಿ ಟೇಕ್ ನಡುವೆ ಟಪಕ್ ಅಂದರೆ ಸೌಂಡಿನವರು ಅಟ್ಟಾಡಿಸುತ್ತಾರೆ. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಇದೆ, ಆದರೆ ಕೆಲವು ಎಲ್‌ಇಡಿ ಲೈಟಿನ ಕೆಳಗೆ ಅದರಲ್ಲಿ ಪಟ್ಟೆಪಟ್ಟೆ ಬರುತ್ತದೆ, ಮೊದಲೇ ಒಂದು ತೆಗೆದು ನೋಡಿಕೊಳ್ಳಲಿ. ನಟರ ಕಣ್ಣಿನ ನೇರಕ್ಕಂತೂ ನಿಲ್ಲಲೇಬಾರದು.

ಮುಂಗಡ ಕೈಗೆ ಬಂದಮೇಲೇ ಬಸ್ ಹತ್ತಲಿ. ಆ ನಿರ್ಮಾಪಕರಿಂದ ನನಗಿನ್ನೂ ಅರ್ಧ ಬರಬೇಕು.