ಕರಡು ನಿಯಮ ಪದೇ ಪದೇ ಹಳತಾಗುತ್ತಿದ್ದರೆ

ಎಐ ನಿಯಂತ್ರಣಕ್ಕೆಂದು ನೀವು ಬರೆಯುತ್ತಿರುವ ಕರಡು, ಹೊಸ ಎಐ ಮಾದರಿ ಬಂದಾಗಲೆಲ್ಲ ಹಳತಾಗಲು ಬಹುಶಃ ಅದರ ವ್ಯಾಖ್ಯೆಯೇ ಕಾರಣ. ಅದರಲ್ಲಿರುವುದು ತಂತ್ರಜ್ಞಾನದ ವಿವರಣೆ, ಬಳಕೆಯದ್ದಲ್ಲ.

ಮೊದಲು ಮೂಲ ನಿಯಮದಿಂದ ಮಾದರಿಯ ಹೆಸರು, ಗಾತ್ರ ತೆಗೆಯಿರಿ. ನೇಮಕಾತಿ, ಸಾಲ ಮಂಜೂರಾತಿಯಂಥ ಬಳಕೆ, ಅದರಿಂದಾಗುವ ಹಾನಿ, ಹೊಣೆ ಯಾರದು ಎಂಬುದಷ್ಟೇ ಇರಲಿ. ಆದರೆ ಇಷ್ಟೇ ಸಾಲದು. ಐರೋಪ್ಯ ಒಕ್ಕೂಟದ 2021ರ ಕರಡು ಬಳಕೆಯನ್ನೇ ಆಧರಿಸಿತ್ತು. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಗೆ ಒಂದೇ ಬಳಕೆ ಎಂಬುದಿಲ್ಲ. ಕೊನೆಗೆ ಇಂಥ ಸಾರ್ವತ್ರಿಕ, ಅಂದರೆ ಹಲವು ಕೆಲಸಗಳಿಗೆ ಒದಗುವ, ಮಾದರಿಗಳಿಗೆ ಬೇರೆ ಅಧ್ಯಾಯವನ್ನೇ ಸೇರಿಸಬೇಕಾಯಿತು. ನೀವೂ ಸೇರಿಸಿ.

ನಂತರ ಅಂಕಿ, ಪಟ್ಟಿಗಳನ್ನು ಅನುಬಂಧಕ್ಕೆ ಸಾಗಿಸಿ, ಕಾಯ್ದೆಯನ್ನು ಮತ್ತೆ ಸದನಕ್ಕೆ ತರದೆ ಅವನ್ನು ತಿದ್ದುವ ಅಧಿಕಾರವನ್ನು ನಿಯಂತ್ರಕರಿಗೆ ಕೊಡಿ. ಕಡಿವಾಣವೂ ಬೇಕು: ಕರಡು ತಿದ್ದುಪಡಿಯ ಪ್ರಕಟಣೆ, ಆಕ್ಷೇಪಿಸಲು ಸದನಕ್ಕೆ 3 ತಿಂಗಳು. ಒಕ್ಕೂಟದ ಕಾಯ್ದೆಯಲ್ಲಿ ತರಬೇತಿಗೆ ಬಳಸಿದ ಲೆಕ್ಕಾಚಾರಗಳ ಒಟ್ಟು ಸಂಖ್ಯೆ 10ರ 25ನೇ ಘಾತ ಮೀರಿದರೆ ಮಾದರಿಗೆ ವ್ಯಾಪಕ ಅಪಾಯದ್ದೆಂಬ ಹಣೆಪಟ್ಟಿ. ಆ ಮಿತಿಯನ್ನು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗವೇ ಬದಲಿಸಬಹುದು. ಇಂಥ ಮಿತಿಯೊಂದನ್ನೇ ನಂಬಬೇಡಿ. ತರಬೇತಿಯಲ್ಲಲ್ಲ, ಉತ್ತರಿಸುವಾಗ ಹೆಚ್ಚು ಲೆಕ್ಕಾಚಾರ ಮಾಡುವ ಚಿಕ್ಕ ಮಾದರಿ ಅದರಡಿ ನುಸುಳಿಬಿಡುತ್ತದೆ.

ಬಹುತೇಕ ಕರಡುಗಳಲ್ಲಿ ಬಿಟ್ಟುಹೋಗುವುದು ಮಾಹಿತಿಯ ಹರಿವು. ಅದಿಲ್ಲದೆ ಏನನ್ನು ತಿದ್ದಬೇಕೆಂದು ನಿಯಂತ್ರಕರಿಗೆ ತಿಳಿಯುವುದೇ ಇಲ್ಲ. ಲಾಗ್‌ಗಳನ್ನು (ವ್ಯವಸ್ಥೆ ಮಾಡಿದ ಕೆಲಸದ ತಾನಾಗಿ ಉಳಿಯುವ ದಾಖಲೆ) ಕನಿಷ್ಠ 6 ತಿಂಗಳು ಉಳಿಸುವುದು, ಗಂಭೀರ ಅವಘಡವನ್ನು 15 ದಿನದೊಳಗೆ ವರದಿ ಮಾಡುವುದು, ಮಾದರಿ ಬದಲಾದರೆ ಮರುಪರೀಕ್ಷೆ, ಈ ಮೂರನ್ನೂ ಕಡ್ಡಾಯಗೊಳಿಸಿ.

ಇಷ್ಟಾದರೂ ವೇಗ ಸರಿಹೊಂದೀತೆಂದು ಖಚಿತವಾಗಿ ಹೇಳಲಾಗದು. ವರದಿ ಓದಿ ಅರ್ಥಮಾಡಿಕೊಳ್ಳುವ ತಜ್ಞರು ಬೇಕು. ಆ ಹುದ್ದೆಗಳನ್ನೂ ಅನುದಾನವನ್ನೂ ಕರಡಿನಲ್ಲೇ ನಮೂದಿಸಿ.