ಪೌಚಿನ ತೂಕ, ಪೌಚಿನ ವರ್ಗ

ಪ್ರಶ್ನೆ: ಮಂಡ್ಯದ ನಮ್ಮ ಬೆಲ್ಲದ ಘಟಕ ಮಧ್ಯಮ ಉದ್ಯಮವಾಗಿದೆ. ನಮ್ಮ ಬ್ರ್ಯಾಂಡಿನ ಪುಡಿಬೆಲ್ಲ ಕರ್ನಾಟಕ, ತಮಿಳುನಾಡಿನಲ್ಲಿ ಮಾರಾಟವಾಗುತ್ತದೆ. ಪ್ಲಾಸ್ಟಿಕ್ ಪೌಚಿನ ಲೆಕ್ಕ ಕೊಡಬೇಕೇ?

ಉತ್ತರ: ಖಂಡಿತ ಕೊಡಬೇಕು. ಪ್ಲಾಸ್ಟಿಕ್ ಪ್ಯಾಕಿಂಗಿನ ತ್ಯಾಜ್ಯಕ್ಕೆ ಬ್ರ್ಯಾಂಡ್ ಮಾಲೀಕರೇ ಹೊಣೆ ಎನ್ನುತ್ತದೆ ಪ್ಲಾಸ್ಟಿಕ್ ತ್ಯಾಜ್ಯ ನಿಯಮ. ಸೂಕ್ಷ್ಮ, ಸಣ್ಣ ಬ್ರ್ಯಾಂಡ್ ಮಾಲೀಕರಿಗಿರುವ ವಿನಾಯಿತಿ ಮಧ್ಯಮ ಉದ್ಯಮವಾದ ನಿಮಗೆ ಇಲ್ಲ. ಎರಡೇ ರಾಜ್ಯವಾದ್ದರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿ. ಮೂರನೆಯದಕ್ಕೆ ಕಾಲಿಟ್ಟರೆ ಕೇಂದ್ರ ಮಂಡಳಿ.

ನಿಯಮ ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ವರ್ಗಗಳಾಗಿ ವಿಂಗಡಿಸುತ್ತದೆ; ಹೆಚ್ಚಿನವರು ಎಡವುವುದು ಈ ವರ್ಗದಲ್ಲಿ. ಪೌಚನ್ನು ಕತ್ತರಿಸಿ ನೋಡಿ: ಎಷ್ಟೇ ಪದರವಿದ್ದರೂ ಎಲ್ಲವೂ ಪ್ಲಾಸ್ಟಿಕ್ಕಾದರೆ 2ನೇ ವರ್ಗ, ನಡುವೆ ಅಲ್ಯೂಮಿನಿಯಂ ಹಾಳೆಯಿದ್ದರೆ 3ನೇ ವರ್ಗ. ಒಂದು ವರ್ಗದ ಮರುಬಳಕೆ ಪ್ರಮಾಣಪತ್ರ (ಇಷ್ಟು ಪ್ಲಾಸ್ಟಿಕ್ ಮರುಬಳಕೆಯಾಗಿದೆ ಎಂದು ಮರುಬಳಕೆ ಘಟಕದಿಂದ ಕೊಳ್ಳುವ ಪತ್ರ) ಇನ್ನೊಂದಕ್ಕೆ ಸಲ್ಲದು, ಅದಕ್ಕೆ ಕೊಟ್ಟ ಹಣ ನೀರಿನಲ್ಲಿ ಮಾಡಿದ ಹೋಮ. ಇನ್ನು ತೂಕ: 100 ಖಾಲಿ ಪೌಚು ತೂಗಿ. 800 ಗ್ರಾಂ ಬಂದರೆ ಲಕ್ಷ ಪೌಚಿಗೆ 800 ಕಿಲೋ. ಪೌಚು ಪೂರೈಸಿದವರ ಬಿಲ್ಲಿಗೆ ತಾಳೆ ಹಾಕಿ, ಜೂನ್ 30ರೊಳಗೆ ಹಿಂದಿನ ಹಣಕಾಸು ವರ್ಷದ ವಾರ್ಷಿಕ ವಿವರ ಸಲ್ಲಿಸಿ.