ಎರಡನೇ ಮಹಾಯುದ್ಧದ ಪೆಸಿಫಿಕ್ ಯುದ್ಧದಲ್ಲಿ ಜಪಾನ್ ವಿರುದ್ಧ ನೆಲದ ಮೇಲೆ ಹೋರಾಡಿದ್ದು ಅಮೆರಿಕದ ಮರೀನ್‌ಗಳು (ಸಮುದ್ರದಿಂದ ದಡಕ್ಕಿಳಿದು ಹೋರಾಡುವ ಪ್ರತ್ಯೇಕ ಪಡೆ) ಮಾತ್ರವೇ?

ಖಂಡಿತ ಅಲ್ಲ. ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಮರೀನ್‌ಗಳು ಬಾವುಟ ನೆಟ್ಟ ಫೋಟೊ ಎಲ್ಲರಿಗೂ ಗೊತ್ತು, ಅದಕ್ಕೇ ಹಾಗನಿಸುತ್ತದೆ. ಆದರೆ ಮರೀನ್‌ಗಳದು ಒಟ್ಟು 6 ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ). ಅಮೆರಿಕದ ಭೂಸೇನೆಯದು ಸುಮಾರು 20.

1942ರ ಕೊನೆಯಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಬುನಾದಲ್ಲಿ ಏನಾಯಿತು ನೋಡಿ. ಅಲ್ಲಿಗೆ ಹೋದದ್ದು ಭೂಸೇನೆಯ 32ನೇ ಡಿವಿಷನ್. ಹೆಚ್ಚಿನವರು ವಿಸ್ಕಾನ್ಸಿನ್, ಮಿಷಿಗನ್ ಕಡೆಯ ಹುಡುಗರು, ಕಾಡಿನ ಯುದ್ಧದ ತರಬೇತಿ ಇರಲಿಲ್ಲ. ಕಾಡಲ್ಲಿ ಕಾಣಬಾರದೆಂದು ಸಮವಸ್ತ್ರಕ್ಕೆ ಹಸಿರು ಬಣ್ಣ ಅದ್ದಿಸಿದ್ದರು. ಆ ಬಣ್ಣ ಬಟ್ಟೆಯ ಎಳೆಗಳನ್ನೇ ಮುಚ್ಚಿಬಿಟ್ಟಿತು. ಗಾಳಿ ಆಡದೆ, ಸೆಕೆಗೆ ಮೈಯೆಲ್ಲ ಹುಣ್ಣು. ಎದುರಿಗೆ ತೆಂಗಿನ ದಿಮ್ಮಿಗಳ ಬಂಕರ್‌ಗಳು, ಅವನ್ನು ಒಡೆಯಲು ಸಾಕಷ್ಟು ಫಿರಂಗಿಗಳಿಲ್ಲ. ಗುಂಡಿಗಿಂತ ಮಲೇರಿಯಾ ಮತ್ತಿತರ ಕಾಯಿಲೆಗೆ ಮಲಗಿದವರೇ ಜಾಸ್ತಿ. ಇಂಥವರನ್ನು ಮರೆತಿರುವುದು ನನಗಂತೂ ದೊಡ್ಡ ಅನ್ಯಾಯ ಅನಿಸುತ್ತದೆ.

ಸೊಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕೆನಾಲ್‌ನಲ್ಲಿ ಮೊದಲು ಇಳಿದವರು ಮರೀನ್‌ಗಳೇ. ಆದರೆ 1942ರ ಅಕ್ಟೋಬರ್‌ನಿಂದ ಭೂಸೇನೆಯೂ ಅಲ್ಲಿತ್ತು. ಫಿಲಿಪೀನ್ಸ್‌ನಲ್ಲಂತೂ ನೆಲದ ಯುದ್ಧ ಬಹುಪಾಲು ಭೂಸೇನೆಯದೇ. 1945ರ ಜನವರಿ 9ರಂದು ಜನರಲ್ ಕ್ರೂಗರ್ ಅವರ 6ನೇ ಸೇನೆ ಅಲ್ಲಿನ ಲೂಜಾನ್ ದ್ವೀಪದ ಲಿಂಗಾಯೆನ್ ಕೊಲ್ಲಿಯಲ್ಲಿ ಇಳಿಯಿತು.

ಜಪಾನಿನ ಓಕಿನಾವಾ ದ್ವೀಪದಲ್ಲಿ ಮರೀನ್‌ಗಳು, ಭೂಸೇನೆ ಇಬ್ಬರೂ ಒಟ್ಟಿಗೆ ಹೋರಾಡಿದರು. ಅಲ್ಲಿನ 10ನೇ ಸೇನೆಯ ಮುಖ್ಯಸ್ಥ ಬಕ್ನರ್ ಭೂಸೇನೆಯವರು. ಮುಂಚೂಣಿಗೇ ಹೋಗಿ ನೋಡುತ್ತಿದ್ದಾಗ, 1945ರ ಜೂನ್ 18ರಂದು, ಜಪಾನಿ ಫಿರಂಗಿ ದಾಳಿಯಲ್ಲಿ ಸತ್ತರು. ಅದೇ ದ್ವೀಪದ ಮಾಯೆದಾ ಎಂಬ ಕಡಿದಾದ ಗುಡ್ಡದಲ್ಲಿ ಆಯುಧ ಮುಟ್ಟದೆ ಹತ್ತಾರು ಗಾಯಾಳುಗಳನ್ನು ಕೆಳಗಿಳಿಸಿದ ಡೆಸ್ಮಂಡ್ ಡಾಸ್ ಕೂಡ ಭೂಸೇನೆಯವರೇ, 77ನೇ ಡಿವಿಷನ್‌ನ ವೈದ್ಯಕೀಯ ಸಹಾಯಕ.